ಕೊರಳಿಗೆ ಕಾರ್ಡು ಹಾಕಬೇಕಂತೆ, ಒಪ್ಪಲಾ?

(ಪತ್ರ ಬರೆದವರ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ. ನನ್ನನ್ನು ಇದೇ ಊರಿಗೆ ಕೊಟ್ಟಿದ್ದಾರೆ, ತವರು ಎರಡು ಬೀದಿ ಆಚೆಗೆ. ಅಲ್ಲಿ ಅವ್ವ ಮತ್ತು ನನ್ನ ತಮ್ಮ ಇಬ್ಬರೇ. ತಮ್ಮನಿಗೆ ಮೂವತ್ತು ದಾಟಿದೆ. ಡಿಗ್ರಿ ಓದುತ್ತಿದ್ದಾಗ ನಿದ್ದೆ ಹೋಯಿತು. ಒಬ್ಬನೇ ಮಾತಾಡುವುದು, ಯಾರೋ ನನ್ನನ್ನು ಬೈಯುತ್ತಾವ್ರೆ ಅನ್ನುವುದು ಶುರುವಾಯಿತು. ನೂಲು ಕಟ್ಟಿಸಿದೆವು, ಮಾದಪ್ಪನಿಗೆ ಹರಕೆ ಹೊತ್ತೆವು, ಕೊನೆಗೆ ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಸ್ಕಿಜೋಫ್ರೇನಿಯಾ ಅಂದರು. ಮಾತ್ರೆ ನುಂಗುತ್ತಿದ್ದರೆ ಚೆನ್ನಾಗಿರುತ್ತಾನೆ. ಹೂವಿನ ಕಾಲದಲ್ಲಿ ಚೆಂಡುಹೂ ಬಿಡಿಸಲು ಹೋಗುತ್ತಾನೆ, ಮಿಕ್ಕ ದಿನ ಎರಡು ಹಸು ನೋಡಿಕೊಂಡು ಡೇರಿಗೆ ಹಾಲು ಹಾಕಿ ಬರುತ್ತಾನೆ.

ಈ ಸಲ ಹೂ ಬಿಡಿಸುವ ಗಡಿಬಿಡಿಯಲ್ಲಿ ಮಾತ್ರೆ ಮುಗಿದದ್ದನ್ನು ಯಾರೂ ನೋಡಲಿಲ್ಲ. ಕಾರಿನಲ್ಲಿ ಬಂದ ಟೂರಿಸ್ಟಿನವರು ಹೊಲಕ್ಕೆ ಇಳಿದು ಫೋಟೊ ತೆಗೆಯುತ್ತಿದ್ದರು. ನನ್ನನ್ನೇ ತೆಗೆಯುತ್ತಾವ್ರೆ ಎಂದು ಕೂಗಾಡಿ ಒಬ್ಬರ ಮೊಬೈಲು ಕಿತ್ತು ಎಸೆದ. ಯಾರಿಗೂ ಏಟಾಗಲಿಲ್ಲ. ಆದರೆ ನಮ್ಮೂರ ಹುಡುಗನೊಬ್ಬ ಅದನ್ನು ವಿಡಿಯೊ ಮಾಡಿ ಗ್ರೂಪಿಗೆ ಹಾಕಿದ. ಅವತ್ತು ರಾತ್ರಿ ತಮ್ಮ ಮನೆಯಿಂದ ಎದ್ದು ಬಂಡೀಪುರದ ರಸ್ತೆ ಹಿಡಿದು ನಡೆದುಬಿಟ್ಟಿದ್ದ. ಚೆಕ್‌ಪೋಸ್ಟಿನ ಹತ್ತಿರ ಯಾರೋ ಪುಣ್ಯಾತ್ಮರು ಕೂರಿಸಿಕೊಂಡಿದ್ದರು. ಬೆಳಗಿನ ಜಾವ ಕರೆದುಕೊಂಡು ಬಂದೆವು.

ಆದ ಮೇಲೆ ಬೀದಿಯವರು ಸೇರಿದರು. ಬೀದಿ ಯಜಮಾನರು ಹೇಳಿದ್ದು ಇಷ್ಟು: ‘ಹೈದನಿಗೆ ಒಂದು ಕಾರ್ಡು ಮಾಡಿಸಿ, ಮಾನಸಿಕ ರೋಗಿ ಅಂತ ದಪ್ಪ ಅಕ್ಷರದಲ್ಲಿ ಬರೆಸಿ, ಹೊರಗೆ ಬರುವಾಗ ಕೊರಳಿಗೆ ಹಾಕಿಕೊಂಡೇ ಬರಲಿ. ಹೆಣ್ಣುಮಕ್ಕಳು, ಮಕ್ಕಳು ಮರಿ ಓಡಾಡುವ ಜಾಗ. ಹೊರಗಿನವರಿಗೂ ಗೊತ್ತಾಗಲಿ, ಅವನ ಮೇಲೆ ಯಾರೂ ಕೈಮಾಡದೇ ಇರಲಿ. ಆಗುವುದಿಲ್ಲ ಅಂದರೆ ಮನೆಯಲ್ಲೇ ಇಟ್ಟುಕೊಳ್ಳಿ.’ ನನ್ನ ಮನೆಯವರು, ಒಳ್ಳೆಯದಕ್ಕೇ ಹೇಳುತ್ತಾವ್ರೆ ಒಪ್ಪಿಕೊ ಅನ್ನುತ್ತಾರೆ. ಅವ್ವ, ಕಾರ್ಡು ಬೇಡ, ಕೈಮೇಲೆ ಫೋನ್ ನಂಬರು ಹಚ್ಚೆ ಹಾಕಿಸಿಬಿಡೋಣ, ಜೊತೆಗೆ ಬುದ್ಧಿ ಸರಿ ಇಲ್ಲ ಅಂತಲೂ ಇರಲಿ ಅನ್ನುತ್ತಾಳೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿ.ಆರ್.ಡಬ್ಲ್ಯು.) ಅಣ್ಣ ಸರ್ಕಾರದ ಅಂಗವಿಕಲರ ಕಾರ್ಡು ಮಾಡಿಸಿ ಎಂದು ಹೇಳಿ ಹೋಗಿದ್ದಾರೆ. ಅದನ್ನು ಮಾಡಿಸಿದರೆ ಹುಚ್ಚ ಅಂತ ಸರ್ಕಾರವೇ ಮುದ್ರೆ ಒತ್ತಿದ ಹಾಗಾಗುತ್ತದೆ ಎಂದು ಅವ್ವನಿಗೆ ಭಯ. ನನ್ನ ಮಗಳು ಪಿಯುಸಿ. ನಾಳೆ ಅವಳಿಗೂ ಗಂಡು ನೋಡಬೇಕು. ನಾನು ಏನು ಮಾಡಲಿ? ಹೆಸರು ಹಾಕಬೇಡಿ.

ತಂಗಿ,

ನಿಮ್ಮ ಪತ್ರದಲ್ಲಿ ಬೀದಿ ಯಜಮಾನರು ಮಾತಾಡಿದ್ದಾರೆ, ನಿಮ್ಮ ಯಜಮಾನರು ಮಾತಾಡಿದ್ದಾರೆ, ಅವ್ವ ಮಾತಾಡಿದ್ದಾರೆ, ಪಂಚಾಯಿತಿಯವರೂ ಒಂದು ಮಾತು ಹೇಳಿ ಹೋಗಿದ್ದಾರೆ. ಕಾರ್ಡು ಯಾರ ಕೊರಳಿಗೆ ಬೀಳಬೇಕೋ ಆ ಮನುಷ್ಯ ಏನಂದರು ಎನ್ನುವುದು ಮಾತ್ರ ಎಲ್ಲೂ ಇಲ್ಲ. ಮಾತ್ರೆ ಮತ್ತೆ ಶುರುವಾಗಿದ್ದರೆ ಅವರು ಈಗ ನಿಮ್ಮ ಜೊತೆ ಕೂತು ಮಾತಾಡುವ ಸ್ಥಿತಿಗೆ ಬಂದಿರುತ್ತಾರೆ. ಹಸು ಕರೆದು ಹಾಲಿನ ಲೆಕ್ಕ ಇಡಬಲ್ಲ ಮೂವತ್ತು ದಾಟಿದ ಗಂಡಸು ತನ್ನ ಮೈಮೇಲೆ ಏನಿರಬೇಕು ಎಂದು ಹೇಳಲಾರರೇ? ಮೊದಲು ಕೇಳಿ. ನಾನು ಕೆಳಗೆ ಬರೆಯುವುದೆಲ್ಲ ಅವರ ಉತ್ತರ ಬಂದ ಮೇಲೆ ಉಪಯೋಗಕ್ಕೆ ಬರುವ ಮಾತು.

ನನ್ನ ಅಭಿಪ್ರಾಯ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕಾಯಿಲೆಯ ಹೆಸರು ಬರೆದ ಕಾರ್ಡಿಗೆ ಒಪ್ಪಬೇಡಿ. ಫೋನ್ ನಂಬರು ಇಟ್ಟುಕೊಳ್ಳುವ ಯೋಚನೆ ಒಳ್ಳೆಯದು, ಅದನ್ನು ಹಚ್ಚೆ ಮಾಡಿಸಬೇಡಿ. ಸರ್ಕಾರದ ಕಾರ್ಡು, ತಮ್ಮ ಒಪ್ಪಿದರೆ, ಖಂಡಿತ ಮಾಡಿಸಿ.

ಮೂರೂ ಗುರುತೇ ಅಲ್ಲವೇ, ಒಂದಕ್ಕೆ ಬೇಡ ಮತ್ತೊಂದಕ್ಕೆ ಸರಿ ಎನ್ನುತ್ತೀರಲ್ಲ ಎಂದು ನಿಮ್ಮ ಮನೆಯವರು ಕೇಳಬಹುದು. ಒಂದು ಗುರುತು ಯಾರಿಗೆ, ಏನು ಹೇಳುತ್ತದೆ ಎಂದು ನೋಡಿದರೆ ವ್ಯತ್ಯಾಸ ಕಾಣುತ್ತದೆ. ನಿಮ್ಮ ತಮ್ಮ ಆ ರಾತ್ರಿ ಕಾಡಿನ ರಸ್ತೆಯಲ್ಲಿ ಸಿಕ್ಕಾಗ, ಅವರನ್ನು ಕಂಡವರಿಗೆ ಬೇಕಾಗಿದ್ದದ್ದು ಏನು? ಯಾರ ಮನೆಯವರು, ಯಾರಿಗೆ ಫೋನು ಮಾಡಬೇಕು ಎನ್ನುವುದು. ಕಾಯಿಲೆಯ ಹೆಸರು ಗೊತ್ತಿದ್ದರೆ ಅವರು ಬೇಗ ಮನೆಗೆ ಬರುತ್ತಿದ್ದರೇ? ಇಲ್ಲ. ‘ಮಾನಸಿಕ ರೋಗಿ’ ಎಂದು ಬರೆದಿದ್ದರೆ ಹತ್ತಿರ ಬರಲು ಹೆದರಿ ಗಾಡಿ ಓಡಿಸಿಕೊಂಡು ಹೋಗುವವರೇ ಹೆಚ್ಚು ಇರುತ್ತಿದ್ದರು. ಫೋನ್ ನಂಬರು ಒಬ್ಬ ಮನುಷ್ಯನನ್ನು ಮನೆಗೆ ಸೇರಿಸುತ್ತದೆ. ಕಾಯಿಲೆಯ ಹೆಸರು ದಾರಿಯವರಿಗೆ ದೂರ ನಿಲ್ಲಲು ಹೇಳುತ್ತದೆ. ಬೀದಿಯವರು ಎರಡನ್ನೂ ಒಂದೇ ಕಾರ್ಡಿನಲ್ಲಿ ಸೇರಿಸಿ, ನಿಮ್ಮ ಒಳ್ಳೆಯದಕ್ಕೆ ಎನ್ನುತ್ತಿದ್ದಾರೆ.

ಅವನ ಮೇಲೆ ಯಾರೂ ಕೈಮಾಡದಿರಲಿ ಎಂಬ ಯಜಮಾನರ ಮಾತನ್ನು ನಾನು ಸುಳ್ಳು ಎನ್ನುವುದಿಲ್ಲ. ಹೊಲದಲ್ಲಿ ಗಲಾಟೆಯಾದಾಗ ನಾಲ್ಕು ಜನ ಸೇರಿ ಹೊಡೆದುಬಿಟ್ಟಿದ್ದರೆ ಎಂಬ ಭಯ ಅವರಿಗೂ ಇದ್ದಿರಬಹುದು. ಆದರೆ ಅಂಥ ಕಾರ್ಡು ತಡೆಗೋಡೆಯಾಗುತ್ತದೆ ಎಂದು ನನಗನಿಸುವುದಿಲ್ಲ. ಸ್ಕಿಜೋಫ್ರೇನಿಯಾ ಇರುವವರು ಬೇರೆಯವರಿಗೆ ಹಿಂಸೆ ಕೊಡುವುದಕ್ಕಿಂತ ಬೇರೆಯವರಿಂದ ಹಿಂಸೆ ಅನುಭವಿಸುವುದೇ ಹೆಚ್ಚು. ಶಾಲೆ ಬಿಟ್ಟು ಬರುವ ಹುಡುಗರು ಕಲ್ಲು ಎಸೆಯಲು, ಕೂಲಿಗೆ ಕರೆದವರು ಅರ್ಧ ಕೂಲಿ ಕೊಟ್ಟು ಸಾಗಹಾಕಲು, ಊರಲ್ಲಿ ಏನೇ ಕಳೆದರೂ ಇವರ ಮನೆಯ ಕಡೆಗೆ ಬೆರಳು ತೋರಿಸಲು ಆ ಕಾರ್ಡು ಅನುಕೂಲ ಮಾಡಿಕೊಡುತ್ತದೆ. ಇನ್ನೊಂದು ಸಂಗತಿ. ನಿಮ್ಮ ತಮ್ಮನ ಕಾಯಿಲೆಯಲ್ಲಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಸಂಶಯ ಒಂದು ಲಕ್ಷಣ. ಕಾರ್ಡು ಹಾಕಿದ ದಿನದಿಂದ ಎಲ್ಲರೂ ನಿಜವಾಗಿಯೂ ಅವರನ್ನೇ ನೋಡುತ್ತಾರೆ. ಮಾತ್ರೆಯಿಂದ ಯಾವ ಭಾವನೆಯನ್ನು ಇಷ್ಟು ವರ್ಷ ಕಷ್ಟಪಟ್ಟು ತಗ್ಗಿಸಿದ್ದೀರೋ ಅದಕ್ಕೆ ಬೀದಿಯೇ ಸಾಕ್ಷಿ ಒದಗಿಸಿದಂತಾಗುತ್ತದೆ.

ನಿಮ್ಮ ಬೀದಿಯವರಿಗೆ ಹತ್ತಿರದ ಒಂದು ನೆನಪು ಇರಬೇಕು. 2020ರ ಮಾರ್ಚ್ ತಿಂಗಳು. ಕೊರೊನಾ ಕಾಲದಲ್ಲಿ ಹೊರದೇಶದಿಂದ ಬಂದವರ ಕೈಮೇಲೆ ಅಳಿಸಿಹೋಗದ ಶಾಯಿಯಲ್ಲಿ ಮುದ್ರೆ ಒತ್ತಿದರು, ಮನೆಗಳ ಬಾಗಿಲಿಗೆ ನೋಟಿಸು ಅಂಟಿಸಿದರು, ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಬಹಿರಂಗ ಮಾಡಿತು. ಆ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಚಾಮರಾಜನಗರ ಜಿಲ್ಲೆಯಲ್ಲಿ ಜೂನ್ ಬರುವ ತನಕ ಒಂದೂ ಪ್ರಕರಣ ಇರಲಿಲ್ಲ ಎಂದು ಹೆಮ್ಮೆಪಟ್ಟಿದ್ದೆವು. ಅಂಥ ಜಿಲ್ಲೆಯಲ್ಲಿ ಮೊದಮೊದಲು ಕಾಯಿಲೆ ಬಂದ ಮನೆಗಳ ಮುಂದೆ ಜನ ಹೇಗೆ ನಡೆದುಕೊಂಡಿರಬಹುದು ಎಂದು ಯಜಮಾನರೇ ನೆನಪಿಸಿಕೊಳ್ಳಲಿ. ಮನೆಗಳಿಗೆ ಪೋಸ್ಟರ್ ಅಂಟಿಸುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಪೋಸ್ಟರು ಬಿದ್ದ ಮನೆಯವರನ್ನು ಜನ ಅಸ್ಪೃಶ್ಯರಂತೆ ಕಾಣುತ್ತಿದ್ದಾರೆ ಎಂಬ ಮಾತು ಆ ನ್ಯಾಯಪೀಠದಿಂದಲೇ ಬಂತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಧಿಕಾರ ಇರುವವರ ಆದೇಶವಿಲ್ಲದೆ ಹಾಗೆ ಅಂಟಿಸುವಂತಿಲ್ಲ ಎಂದು 2020ರ ಡಿಸೆಂಬರ್ 9ರಂದು ತೀರ್ಪಾಯಿತು. ಅದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ. ನಿಮ್ಮ ತಮ್ಮನದು ಯಾರಿಗೂ ಅಂಟುವುದಿಲ್ಲ.

ಈಗ ಕಾನೂನು. ಇದನ್ನು ಯಜಮಾನರ ಮುಖಕ್ಕೆ ಹಿಡಿಯಲು ಹೇಳುತ್ತಿಲ್ಲ, ನಿಮ್ಮ ಧೈರ್ಯಕ್ಕೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ನಿಮ್ಮ ತಮ್ಮನ ಕಾಯಿಲೆ, ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು ಅವರ ಹಕ್ಕು. ವೈದ್ಯರು, ದಾದಿಯರು ಅದನ್ನು ಕಾಪಾಡಲೇಬೇಕು. ಅದೇ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಣ್ಣ ಅಂಶವಿದೆ. ಮಾನಸಿಕ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದವರಿಗೆ ಕೂಡ ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಅವರಿಗೆ ತಮ್ಮದೇ ಬಟ್ಟೆ ತೊಡುವ ಆಸೆಯಿದ್ದರೆ ಆಸ್ಪತ್ರೆಯ ಸಮವಸ್ತ್ರ ಹಾಕಿಸುವಂತಿಲ್ಲ. ರೋಗಿ ಎಂದು ಕಣ್ಣಿಗೆ ಕಾಣುವ ಗುರುತನ್ನು ಆಸ್ಪತ್ರೆಯ ಒಳಗೇ ಹೇರಬಾರದು ಎಂದಿರುವಾಗ, ಡೇರಿಗೆ ಹಾಲು ಹಾಕಲು ಹೋಗುವ ಮನುಷ್ಯನ ಕೊರಳಿಗೆ ಬೀದಿಯವರು ಹೇಗೆ ಹೇರುತ್ತಾರೆ?

ಮನೆಯಲ್ಲೇ ಇಟ್ಟುಕೊಳ್ಳಿ ಎನ್ನುವ ಮಾತು ನನಗೆ ಕಾರ್ಡಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಮೊದಲು ಬಾಗಿಲು, ಆಮೇಲೆ ಚಿಲಕ, ಆಮೇಲೆ ಹಗ್ಗ. ತಮಿಳುನಾಡಿನ ಏರ್ವಾಡಿಯ ಆಶ್ರಯತಾಣವೊಂದರಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ ಸುಟ್ಟುಹೋದರು. ಸತ್ತವರು ಇಪ್ಪತ್ತೈದಕ್ಕಿಂತ ಹೆಚ್ಚು. ಅವರನ್ನು ಅಲ್ಲಿ ಬಿಟ್ಟುಬಂದವರೂ ಮನೆಯವರೇ, ಒಳ್ಳೆಯದಾಗಲಿ ಎಂದೇ ಬಿಟ್ಟಿದ್ದರು. ಈಗಿನ ಕಾಯ್ದೆಯ 95ನೇ ಸೆಕ್ಷನ್ ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಇನ್ನೊಂದು ಕಾಯ್ದೆ ಬೀದಿಗೇ ನೇರವಾಗಿ ತಗಲುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ವಿಕಲಚೇತನರನ್ನು ನಾಲ್ಕು ಜನರ ಕಣ್ಣೆದುರಿಗೆ ಅವಮಾನ ಮಾಡಬೇಕೆಂದೇ ಹೀಯಾಳಿಸಿದರೆ ಅಥವಾ ಹೆದರಿಸಿದರೆ, ಅದರ 92ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಜೈಲು ಮತ್ತು ದಂಡ. ಅವಮಾನದ ಉದ್ದೇಶ ಇತ್ತೋ ಇಲ್ಲವೋ ಎಂದು ಕೋರ್ಟು ನೋಡುತ್ತದೆ, ಹಾಗಾಗಿ ಪ್ರತಿ ಮಾತೂ ಕೇಸಾಗುವುದಿಲ್ಲ. ವಿಡಿಯೊ ಹಾಕಿದ ಹುಡುಗನ ಮನೆಯವರಿಗೆ ಮಾತ್ರ ಇದು ಗೊತ್ತಿರುವುದು ಒಳ್ಳೆಯದು. ಅವನ ಅಪ್ಪ ಅಮ್ಮನನ್ನು ಕಂಡು, ಗ್ರೂಪಿನ ಅಡ್ಮಿನ್‌ಗೂ ಹೇಳಿ ತೆಗೆಸಿ. ಅದಕ್ಕೂ ಮೊದಲು ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ತೆಗೆಯದೆ ಮೊಂಡು ಹಿಡಿದರೆ ಪೊಲೀಸ್ ಠಾಣೆಯಲ್ಲಿ ತೋರಿಸಲು ಬೇಕಾಗುತ್ತದೆ. ಕಾರ್ಡಿನ ವಿಷಯವೂ ಬಲವಂತಕ್ಕೆ ತಿರುಗಿದರೆ ಗುಂಡ್ಲುಪೇಟೆ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ವಿಕಲಚೇತನರಿಗೆ ವಕೀಲರ ನೆರವು ಉಚಿತ. ಅಲ್ಲಿಂದ ಒಂದು ಕಾಗದ ಬಂದರೆ ಎಷ್ಟೋ ನ್ಯಾಯಪಂಚಾಯಿತಿಗಳು ತಾವಾಗಿಯೇ ತಣ್ಣಗಾಗುತ್ತವೆ.

ಅವ್ವನ ಹಚ್ಚೆಯ ಮಾತಿಗೆ ಬರೋಣ. ಜಾತ್ರೆಗೆ ಹೋಗುವಾಗ ಮಕ್ಕಳ ಕೈಮೇಲೆ ಪೆನ್ನಿನಲ್ಲಿ ನಂಬರು ಬರೆಯುವ ತಾಯಂದಿರ ಬುದ್ಧಿಯೇ ಅವ್ವನದ್ದೂ. ಅವರ ಭಯ ನಿಜ. ನಿಮ್ಮೂರಿನಿಂದ ಮುಂದಕ್ಕೆ ಹೋದರೆ ಮೇಲುಕಾಮನಹಳ್ಳಿಯ ಗೇಟು, ಅದರಾಚೆ ಆನೆಗಳ ಜಾಗ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಆ ರಸ್ತೆಯಲ್ಲಿ ಸಾಮಾನ್ಯ ವಾಹನ ಸಂಚಾರ 2009ರಿಂದ ಬಂದ್. ಅಂದರೆ ಆ ಹೊತ್ತಿನಲ್ಲಿ ಅಲ್ಲಿ ನಡೆದು ಹೋಗುವವರಿಗೆ ಎದುರಾಗಲು ಮನುಷ್ಯರು ಬಹುತೇಕ ಇರುವುದಿಲ್ಲ. ಆದರೆ ಫೋನ್ ನಂಬರು ಬದಲಾಗುತ್ತದೆ, ಹಚ್ಚೆ ಬದಲಾಗುವುದಿಲ್ಲ. ಅವರು ಐದು ವರ್ಷ ಚೆನ್ನಾಗಿದ್ದು ಬೇರೆ ಊರಲ್ಲಿ ಕೆಲಸಕ್ಕೆ ಸೇರಿದರೂ ತೋಳಿನ ಮೇಲೆ ‘ಬುದ್ಧಿ ಸರಿ ಇಲ್ಲ’ ಎಂದು ಇದ್ದೇ ಇರುತ್ತದೆ. ಹಿಂದೆ ಚಿಕಿತ್ಸೆ ಪಡೆದಿದ್ದರು ಎನ್ನುವುದೊಂದರಿಂದಲೇ ಈಗಲೂ ಕಾಯಿಲೆಯವರು ಎಂದು ನಿರ್ಧರಿಸಬಾರದು ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಚರ್ಮದ ಮೇಲೆ ಬರೆದದ್ದಕ್ಕೆ ಆ ಕಾಯ್ದೆ ಓದಲು ಬರುವುದಿಲ್ಲ.

ಅದರ ಬದಲು ಹೀಗೆ ಮಾಡಬಹುದು. ಅವರು ಹಾಕುವ ಅಂಗಿಗಳ ಒಳಜೇಬಿಗೋ ಕಾಲರಿನ ಒಳಬದಿಗೋ ಸಣ್ಣ ಬಟ್ಟೆಪಟ್ಟಿ ಹೊಲಿಸಿ, ನಿಮ್ಮದೊಂದು, ನಿಮ್ಮ ಮನೆಯವರದ್ದೊಂದು ನಂಬರು ಬರೆಯಿಸಿ. ಸ್ನಾನಕ್ಕೂ ತೆಗೆಯದ ವಸ್ತು ಬೇಕೆಂದರೆ ಉಡಿದಾರಕ್ಕೆ ಅಥವಾ ಕೈಕಡಗಕ್ಕೆ ನಂಬರು ಕೊರೆಸಿದ ಚಿಕ್ಕ ತಗಡು. ಊರಿನ ಹೆಸರು, ಎರಡು ನಂಬರು, ಅಷ್ಟೇ. ಯಾವುದು ಇಷ್ಟ ಎಂದು ತಮ್ಮನೇ ಆರಿಸಲಿ. ಬೇಡವೇ ಬೇಡ ಎಂದರೆ ಒತ್ತಾಯ ಮಾಡದೆ ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿ. ನನ್ನ ಅನುಭವದಲ್ಲಿ, ತಾನೇ ದಾರಿ ತಪ್ಪಿದ ರಾತ್ರಿಯ ಭಯ ಅವರಿಗೂ ನಿಮ್ಮಷ್ಟೇ ಇರುತ್ತದೆ. ಕೇಳುವ ರೀತಿಯಲ್ಲಿ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ನಾನು ಗುರುತುಗಳ ವಿರೋಧಿ ಎಂದು ತಿಳಿಯಬೇಡಿ. ನಿಮ್ಮ ತಾಲ್ಲೂಕಿನ ಹೊಲಗಳಲ್ಲಿ ಅರಳುವ ಸೂರ್ಯಕಾಂತಿಯನ್ನೇ ಗುರುತಾಗಿ ಇಟ್ಟುಕೊಂಡ ಒಂದು ಪದ್ಧತಿ ಹೊರಗಿನ ಪ್ರಪಂಚದಲ್ಲಿದೆ. 2016ರಲ್ಲಿ ಇಂಗ್ಲೆಂಡಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದದ್ದು. ಹಸಿರು ಪಟ್ಟಿಯ ಮೇಲೆ ಹಳದಿ ಸೂರ್ಯಕಾಂತಿ. ಕಣ್ಣಿಗೆ ಕಾಣದ ತೊಂದರೆ ಇರುವವರು, ಅಂದರೆ ಆಟಿಸಂ, ಮರೆವಿನ ಕಾಯಿಲೆ, ತೀವ್ರ ಆತಂಕ ಇಂಥದ್ದಿರುವವರು, ಬೇಕೆನಿಸಿದರೆ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಸಿಬ್ಬಂದಿ ಅದನ್ನು ನೋಡಿ ಸ್ವಲ್ಪ ತಾಳ್ಮೆಯಿಂದ, ನಿಧಾನವಾಗಿ ಮಾತಾಡುತ್ತಾರೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಈ ವ್ಯವಸ್ಥೆ ಬಂದಿದೆ. ಟೋಕಿಯೊದಲ್ಲಿ 2012ರಿಂದ ಕೆಂಪು ಬಣ್ಣದ ಇಂಥದ್ದೇ ಸಹಾಯದ ಬಿಲ್ಲೆ ಇದೆ. ಇವುಗಳ ಮೇಲೆ ಕಾಯಿಲೆಯ ಹೆಸರು ಮುದ್ರಿಸಿರುವುದಿಲ್ಲ, ಯಾರೂ ಬಲವಂತವಾಗಿ ಹಾಕಿಸುವುದಿಲ್ಲ, ಬೇಡವೆನಿಸಿದ ಕ್ಷಣ ತೆಗೆದು ಜೇಬಿಗೆ ಹಾಕಿಕೊಳ್ಳಬಹುದು. ಜೊತೆಗೆ, ಸೂರ್ಯಕಾಂತಿ ಪಟ್ಟಿಯನ್ನು ನೋಡಿದಾಗ ಹೇಗೆ ನಡೆದುಕೊಳ್ಳಬೇಕು ಎಂದು ಸಿಬ್ಬಂದಿಗೆ ತರಬೇತಿ ಕೊಟ್ಟಿರುತ್ತಾರೆ. ಇದನ್ನು ಯಜಮಾನರಿಗೆ ಹೇಳಿ ನೋಡಿ. ಕಾರ್ಡು ಕಂಡಾಗ ಬೀದಿಯವರು ಏನು ಮಾಡುತ್ತಾರೆ ಎಂದು ಕೇಳಿ. ದೂರ ಹೋಗುತ್ತೇವೆ ಎನ್ನುವುದೊಂದೇ ಉತ್ತರವಾದರೆ ಆ ಕಾರ್ಡು ಯಾರಿಗೆ ಬೇಕಾಗಿದೆ ಎಂದು ತಿಳಿಯುತ್ತದೆ.

ಸರ್ಕಾರದ ಕಾರ್ಡಿನ ಬಗ್ಗೆ ಅವ್ವನಿಗಿರುವ ಅಂಜಿಕೆ ಬಿಡಿಸಬೇಕು. ಅದನ್ನು ಯು.ಡಿ.ಐ.ಡಿ. ಎನ್ನುತ್ತಾರೆ. ಕೊರಳಿಗೆ ಹಾಕುವಂಥದ್ದಲ್ಲ, ಪರ್ಸಿನಲ್ಲಿ ಇಡುವಂಥದ್ದು. ಯಾವಾಗ, ಯಾರಿಗೆ ತೋರಿಸಬೇಕು ಎನ್ನುವುದು ತಮ್ಮನ ಕೈಯಲ್ಲೇ ಇರುತ್ತದೆ. ಚಾಮರಾಜನಗರದ ಸಿಮ್ಸ್ ಆಸ್ಪತ್ರೆಯ ಮನೋವೈದ್ಯರು, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು, ಜನರೊಂದಿಗೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ದುಡಿಮೆ ಈ ನಾಲ್ಕರಲ್ಲಿ ಎಷ್ಟು ತೊಂದರೆಯಿದೆ ಎಂದು ನೋಡಿ ಶೇಕಡಾವಾರು ನಿರ್ಧರಿಸುತ್ತಾರೆ. ಶೇಕಡಾ 40 ಅಥವಾ ಹೆಚ್ಚಿದ್ದರೆ ಮಾಸಾಶನಕ್ಕೆ, ರಿಯಾಯಿತಿ ಬಸ್ ಪಾಸಿಗೆ, ಸರ್ಕಾರಿ ನೌಕರಿಯ ಮೀಸಲಾತಿಗೆ ಅರ್ಜಿ ಹಾಕಲು ದಾರಿಯಾಗುತ್ತದೆ. ಮಾನಸಿಕ ಕಾಯಿಲೆಗೆ ನಿರ್ದಿಷ್ಟ ಅವಧಿಯ ಪ್ರಮಾಣಪತ್ರ ಕೊಡುವುದೂ ಉಂಟು, ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆ. ನಿಮ್ಮ ತಮ್ಮ ಹಸು ಸಾಕಿ ಕೂಲಿಗೂ ಹೋಗುವವರಾದ್ದರಿಂದ 40 ಬಾರದೆಯೂ ಇರಬಹುದು. ಹಾಗಾದರೆ ಬೇಸರಪಡಬೇಡಿ.

ಆದರೆ ಅವ್ವನ ಅಂಜಿಕೆಗೆ ಪೂರ್ತಿ ಆಧಾರವಿಲ್ಲ ಎಂದೂ ನಾನು ಹೇಳಲಾರೆ. 2024ರ ಅಕ್ಟೋಬರಿನಲ್ಲಿ ನಿಯಮ ತಿದ್ದುಪಡಿಯಾದ ಮೇಲೆ ಈ ಕಾರ್ಡಿಗೆ ಬಣ್ಣ ಬಂದಿದೆ. ಶೇಕಡಾ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ. ಕಚೇರಿಯವರಿಗೆ ಬೇಗ ಗೊತ್ತಾಗಲಿ ಎಂದು ಮಾಡಿರಬಹುದು. ಬಸ್ಸಿನಲ್ಲಿ ಕಾರ್ಡು ತೆಗೆದಾಗ ಪಕ್ಕದ ಸೀಟಿನವರಿಗೂ ಅಷ್ಟೇ ಬೇಗ ಗೊತ್ತಾಗುತ್ತದೆ. ಇದು ನನಗೆ ಹಿತವೆನಿಸಿಲ್ಲ. ಪಂಚಾಯಿತಿಗಳಲ್ಲಿ ಫಲಾನುಭವಿಗಳ ಪಟ್ಟಿ ಹಚ್ಚುವಾಗ ಯಾರಿಗೆ ಯಾವ ಕಾಯಿಲೆ ಎಂಬುದನ್ನೂ ಬರೆಯುವ ಅಭ್ಯಾಸ ಎಲ್ಲಾದರೂ ಕಂಡರೆ ತಕ್ಷಣ ಆಕ್ಷೇಪಣೆ ಬರೆದುಕೊಡಿ. ಹಣ ಸರಿಯಾದವರಿಗೆ ಸೇರಿತೇ ಎಂದು ಊರು ಕೇಳಬಹುದು, ಅವರ ತಲೆಯೊಳಗೆ ಏನಾಗಿದೆ ಎಂದು ಊರು ಕೇಳಬೇಕಾಗಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದರು. ಆ ತೀರ್ಪು ಡೆಲ್ಲಿಯವರಿಗೆ ಎಷ್ಟೋ ನಿಮ್ಮ ತಮ್ಮನಿಗೂ ಅಷ್ಟೇ.

ಬೀದಿಯವರ ಜೊತೆ ಮಾತಾಡುವ ಕೆಲಸ ನಿಮ್ಮದೇ. ಸಭೆ ಸೇರಿದಾಗ ಬೇಡ. ಸಂಜೆ ಯಜಮಾನರ ಮನೆ ಜಗಲಿಗೆ ಹೋಗಿ, ನಿಮ್ಮ ಮನೆಯವರನ್ನೂ ಕರೆದುಕೊಳ್ಳಿ. ಅವತ್ತಿನ ಗಲಾಟೆಗೆ ಕಾರಣ ಮಾತ್ರೆ ತಪ್ಪಿದ್ದು, ಅದು ಮತ್ತೆ ತಪ್ಪದಂತೆ ನೋಡಿಕೊಳ್ಳುತ್ತೇವೆ ಎಂದು ಹೇಳಿ. ಟೂರಿಸ್ಟಿನವರ ಮೊಬೈಲಿಗೆ ಏನಾದರೂ ಕೊಡಬೇಕಿದ್ದರೆ ಕೊಡುತ್ತೇವೆ ಎನ್ನಿ. ಆಮೇಲೆ ಅವರಿಗೇ ಒಂದು ಜವಾಬ್ದಾರಿ ಕೊಡಿ: ‘ಅಣ್ಣಾ, ನನ್ನ ನಂಬರು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಹೈದ ನಿದ್ದೆಯಿಲ್ಲದೆ ಓಡಾಡುವುದು ಕಂಡರೆ ಬೀದಿಯವರಿಗೆ ಹೇಳುವ ಮೊದಲು ನನಗೆ ಹೇಳಿ.’ ಹೀಗೆ ನಂಬುವಂಥ ನಾಲ್ಕು ಜನ ಸಾಕು. ಯಜಮಾನರು, ಡೇರಿಯ ಸೆಕ್ರೆಟರಿ, ಆಶಾ ಕಾರ್ಯಕರ್ತೆ, ಚೆಕ್‌ಪೋಸ್ಟಿನಲ್ಲಿ ಅವತ್ತು ತಡೆದವರು. ಯಾರ್ಯಾರು ಎನ್ನುವುದನ್ನು ತಮ್ಮನ ಜೊತೆ ಕೂತು ತೀರ್ಮಾನಿಸಿ. ಊರಿಗೆಲ್ಲ ಡಂಗುರ ಸಾರುವುದಕ್ಕಿಂತ ಈ ನಾಲ್ಕು ಜನರಿಗೆ ಗೊತ್ತಿರುವುದು ಹೆಚ್ಚು ಕೆಲಸ ಮಾಡುತ್ತದೆ. ನೆರೆಯವರ ಹೆದರಿಕೆಯನ್ನು ತಳ್ಳಿಹಾಕಬೇಡಿ. ಕೂಗಾಟ ಕೇಳಿ ಮಗು ಬೆಚ್ಚಿಬಿದ್ದ ತಾಯಿಗೆ ಕಾನೂನಿನ ಸೆಕ್ಷನ್ ಹೇಳಿದರೆ ಸಮಾಧಾನವಾಗುವುದಿಲ್ಲ. ಮುಂದೆ ಹೀಗಾದರೆ ಯಾರಿಗೆ ಫೋನು ಮಾಡಬೇಕು ಎಂದು ಗೊತ್ತಾದರೆ ಸ್ವಲ್ಪ ಆಗುತ್ತದೆ.

ಇಷ್ಟೆಲ್ಲ ಗಲಾಟೆಯ ಬುಡದಲ್ಲಿರುವುದು ಮುಗಿದುಹೋದ ಒಂದು ಮಾತ್ರೆ ಪಟ್ಟಿ. ಅದಕ್ಕೆ ಮೈಸೂರಿನವರೆಗೆ ಓಡಾಡುವ ಅಗತ್ಯವಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಗುಂಡ್ಲುಪೇಟೆಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಹಳ್ಳಿಗಳ ಹತ್ತಿರಕ್ಕೆ ಮಾನಸಿಕ ಚಿಕಿತ್ಸೆ ಒಯ್ಯಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮದೇ ಬಳ್ಳಾರಿ ಜಿಲ್ಲೆ. ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲಿ ಅಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಾಗಿದ್ದೂ, 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ತೊಂದರೆಗಳಿರುವವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಕಂಡುಬಂತು. ಹೆಸರು ಹೊರಗೆ ಬೀಳುತ್ತದೆ ಎಂಬ ಭಯ ಅದಕ್ಕೊಂದು ಕಾರಣ. ನಿಮ್ಮ ಬೀದಿಯಲ್ಲಿ ಒಬ್ಬರ ಕೊರಳಿಗೆ ಕಾರ್ಡು ಬಿದ್ದರೆ, ನಿದ್ದೆ ಬಾರದೆ ಒದ್ದಾಡುತ್ತಿರುವ ಇನ್ನೊಬ್ಬ ಹುಡುಗ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಡುತ್ತಾನೆ. ಯಜಮಾನರ ಮನೆಯಲ್ಲೇ ಅಂಥ ಹುಡುಗ ಇರಬಹುದು.

ಡಾಕ್ಟರನ್ನು ಕಂಡಾಗ ಎರಡು ಸಂಗತಿ ಕೇಳಿ. ದಿನಾ ಮಾತ್ರೆ ನೆನಪಿಡುವುದು ಕಷ್ಟವಾದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇವರಿಗೆ ಆಗುತ್ತದೆಯೇ ಎಂದು. ಕಾಯಿಲೆ ಮರುಕಳಿಸುವ ಮೊದಲು ಇವರಲ್ಲಿ ಯಾವ ಲಕ್ಷಣ ಕಾಣುತ್ತದೆ ಎಂದು. ನಿಮ್ಮ ಪತ್ರ ನೋಡಿದರೆ ಇವರಿಗೆ ಮೊದಲು ಹೋಗುವುದು ನಿದ್ದೆ. ಎರಡು ರಾತ್ರಿ ನಿದ್ದೆ ಇಲ್ಲವೆಂದರೆ ಮಂಗಳವಾರಕ್ಕೆ ಕಾಯದೆ ಹೊರಡಿ. ನಡುರಾತ್ರಿಯಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ ಎಲ್ಲಾದರೂ ಹೊರಟುಹೋದರೆ ಪೊಲೀಸರಿಗೆ ತಿಳಿಸಲು ಹಿಂಜರಿಯಬೇಡಿ. ಅಲೆದಾಡುತ್ತಿರುವ ಅಸ್ವಸ್ಥರನ್ನು ರಕ್ಷಿಸಿ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸರ ಕರ್ತವ್ಯ, ಲಾಕಪ್ಪಿನಲ್ಲಿ ಇಡುವಂತಿಲ್ಲ ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಹೇಳುತ್ತದೆ.

ಇನ್ನೊಂದು ಕಾಗದ ಮಾಡಿಟ್ಟುಕೊಳ್ಳಿ. ತಮ್ಮ ಚೆನ್ನಾಗಿರುವಾಗಲೇ, ನನಗೆ ಹುಷಾರಿಲ್ಲದಾಗ ನನ್ನ ಪರವಾಗಿ ಇಂಥವರು ತೀರ್ಮಾನ ತೆಗೆದುಕೊಳ್ಳಲಿ ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಬಹುದು. ಅಂಥವರನ್ನು ನಾಮನಿರ್ದೇಶಿತ ಪ್ರತಿನಿಧಿ ಎನ್ನುತ್ತಾರೆ. ಸ್ಟಾಂಪ್ ಪೇಪರು ಬೇಕಾಗಿಲ್ಲ. ಅವರು ನಿಮ್ಮ ಹೆಸರೇ ಬರೆಯುತ್ತಾರೆ ಎಂದುಕೊಳ್ಳಬೇಡಿ, ಬೇರೆ ಯಾರನ್ನಾದರೂ ಬರೆದರೆ ಮುನಿಸಿಕೊಳ್ಳಲೂ ಬೇಡಿ.

ಮಗಳ ವಿಷಯ. ವಿಡಿಯೊ ಊರೆಲ್ಲ ನೋಡಿಯಾಗಿದೆ, ಆದ್ದರಿಂದ ಮುಚ್ಚಿಡುವುದಕ್ಕೆ ಈಗ ಏನೂ ಉಳಿದಿಲ್ಲ. ಸರ್ಕಾರದ ಕಾರ್ಡು ಮಾಡಿಸದೆ ಬಿಟ್ಟರೆ ಅವಳಿಗೆ ಸಂಬಂಧ ಬೇಗ ಕುದುರುತ್ತದೆ ಎನ್ನುವ ಲೆಕ್ಕ ಬಿಡಿ, ಅದರಿಂದ ತಮ್ಮನಿಗೆ ಸಿಗಬಹುದಾದ ಮಾಸಾಶನ ತಪ್ಪುತ್ತದೆ, ಅಷ್ಟೇ. ಗಂಡಿನ ಕಡೆಯವರು ಕೇಳಿದರೆ, ಹೌದು, ನನ್ನ ತಮ್ಮನಿಗೆ ಕಾಯಿಲೆಯಿದೆ, ಚಿಕಿತ್ಸೆಯಲ್ಲಿದ್ದಾನೆ, ದುಡಿಯುತ್ತಾನೆ ಎಂದು ನೀವೇ ಹೇಳಿ. ಅದಕ್ಕಿಂತ ಮೊದಲು ಅವಳಿಗೆ ಹೇಳಿದ್ದೀರಾ? ಪಿಯುಸಿ ಓದುವ ಹುಡುಗಿಗೆ ಸೋದರಮಾವನ ಕಾಯಿಲೆಯ ವಿಷಯ ಗ್ರೂಪಿನ ವಿಡಿಯೊದಿಂದ ತಿಳಿದಿದ್ದರೆ, ಈ ಭಾನುವಾರ ಅವಳನ್ನೂ ಕೂರಿಸಿಕೊಂಡು ಮಾತಾಡಿ.